1823ರ ಬಳ್ಳಾರಿಯ ಊರ ಶಾಲೆಗಳು: ಕ್ಯಾಂಬೆಲ್ ವರದಿಯ ಲೆಕ್ಕ ಬಿಡಿಸಿಕೊಳ್ಳುವುದು ಹೇಗೆ

ನಮ್ಮ ಕಡೆಯ ಹಳೆಯ ಊರ ಶಾಲೆಗಳ ಬಗ್ಗೆ ಓದುವವರಿಗೆ ಈ ವರದಿ ಒಂದಲ್ಲ ಒಂದು ಕಡೆ ಎದುರಾಗುತ್ತದೆ. ಸರ್ಕಾರಿ ಶಾಲೆ ಬರುವ ಮೊದಲು ಇದ್ದ ಕೂಲಿಮಠ, ಐಗಳ ಮಠಗಳ ಒಳಗೆ ಏನು ನಡೆಯುತ್ತಿತ್ತು ಎಂದು ಇಷ್ಟು ವಿವರವಾಗಿ ಹೇಳುವ ಕಾಗದ ಸಿಗುವುದೇ ಕಷ್ಟ. ಓದಿದ್ದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದ. ಬೇರೆ ಎಷ್ಟೋ ಕಲೆಕ್ಟರುಗಳು ಬರೀ ಪಟ್ಟಿ ತುಂಬಿಸಿ ಕಳಿಸಿದರೆ, ಈತ ಶಾಲೆಯ ದಿನಚರಿಯನ್ನೂ ಬರೆದ. ಒಂದು ಎಚ್ಚರ: ಆಗಿನ ಬಳ್ಳಾರಿ ಜಿಲ್ಲೆ ಇವತ್ತಿನದ್ದಲ್ಲ. 1882ರವರೆಗೆ ಅನಂತಪುರವೂ ಅದರಲ್ಲೇ ಇತ್ತು. ಕನ್ನಡ ಶಾಲೆಗಳಷ್ಟೇ ತೆಲುಗು ಶಾಲೆಗಳೂ ಪಟ್ಟಿಯಲ್ಲಿ ಕಾಣುವುದು ಅದಕ್ಕೇ.

ಶಾಲೆಯ ಒಳಗೆ

ಮಗುವಿಗೆ ಐದು ವರ್ಷವಾದಾಗ ಮೇಷ್ಟ್ರನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮುಂದೆ ಕೂರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತಿದ್ದರು. ಮಾರನೆಯ ದಿನದಿಂದ ಶಾಲೆ.

ಶಾಲೆ ಶುರುವಾಗುವುದು ಬೆಳಗ್ಗೆ ಆರಕ್ಕೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಾ ಹೋಗುತ್ತದೆ. ಓದದವನನ್ನು ಕೈ ಕಟ್ಟಿ ಸೂರಿಗೆ ನೇತುಹಾಕುವ ಶಿಕ್ಷೆಯೂ ವರದಿಯಲ್ಲಿದೆ. ಹಳೆಯ ಶಾಲೆಗಳನ್ನು ಬರೀ ಹೊಗಳುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಅಕ್ಷರ ಕಲಿಯುವುದು ಮರಳಿನ ಮೇಲೆ, ಬೆರಳಿನಿಂದ. ಬಾಯಲ್ಲಿ ಒಪ್ಪಿಸುವುದಕ್ಕಿಂತ ಮೊದಲು ಕೈಗೆ ಬರಬೇಕು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಬರೆಯಲು ಸಿದ್ಧ. ಕಡತ ಎಂದರೆ ಗಂಜಿಯಲ್ಲಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಮತ್ತು ಅಂಟು ಹಚ್ಚಿದ ಬಟ್ಟೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಖಾಲಿ. ಓಲೆಗರಿ, ಅದರ ಮೇಲೆ ಬರೆಯುವ ಕಬ್ಬಿಣದ ಕಂಠ ಇದ್ದರೂ ಈ ಕಡೆ ಜಾಸ್ತಿ ನಡೆಯುತ್ತಿದ್ದದ್ದು ಇವೆರಡೇ.

ಸಾಮಾನ್ಯವಾಗಿ ನಾಲ್ಕು ತರಗತಿ. ಮೇಲಿನವರು ಕೆಳಗಿನವರಿಗೆ ಹೇಳಿಕೊಡುತ್ತಾರೆ, ಮೇಷ್ಟ್ರ ಕಣ್ಣು ಎಲ್ಲರ ಮೇಲೂ. ಇದನ್ನು ಕ್ಯಾಂಬೆಲ್ ಮನಸಾರೆ ಮೆಚ್ಚುತ್ತಾನೆ. ಇಂಗ್ಲೆಂಡ್ ಇದನ್ನು ನಕಲು ಮಾಡಿದ್ದು ಸರಿಯೇ ಎನ್ನುತ್ತಾನೆ. ಪಾದ್ರಿ ಆಂಡ್ರ್ಯೂ ಬೆಲ್ ಮದರಾಸಿನಲ್ಲಿ ಈ ಕ್ರಮ ಬಳಸಿ, 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದ.

ಓದುವ ಪುಸ್ತಕಗಳಲ್ಲಿ ರಾಮಾಯಣ, ಭಾರತ, ಭಾಗವತ ಇವೆ. ಲಿಂಗಾಯತ ಮಕ್ಕಳಿಗೆ ಗಿರಿಜಾ ಕಲ್ಯಾಣ, ಚೆನ್ನಬಸವ ಪುರಾಣ. ಮಕ್ಕಳು ಅರ್ಥವಾಗದ ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ ಎಂಬುದು ಕ್ಯಾಂಬೆಲ್‌ನ ದೂರು. ಈ ಭಾಗ ಇಷ್ಟು ಸಾಕು.

ಅಂಕಿಗಳು, ಮತ್ತು ಎಡವುವ ಜಾಗ

ಮೊದಲು ಅಂಕಿಗಳು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡ 235, ತೆಲುಗು 226, ಮರಾಠಿ 23, ಪಾರ್ಸಿ (ಪರ್ಷಿಯನ್) 21, ತಮಿಳು 4, ಇಂಗ್ಲಿಷ್ 1, ಬ್ರಾಹ್ಮಣರ ಶಾಸ್ತ್ರಪಾಠದ ಜಾಗಗಳು 23. ಕೂಡಿಸಿ ನೋಡಿ, ಸರಿಯಾಗಿ 533 ಬರುತ್ತದೆ. ಮಕ್ಕಳು 6,641. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಗಳು 1,174. ಒಟ್ಟು 6,338. ಹುಡುಗಿಯರು ಬರೀ 60. ಮುಸ್ಲಿಂ ಹುಡುಗರು 243. ಇದೂ ಕೂಡಿಸಿದರೆ 6,641. ಹಳೆಯ ವರದಿಗಳಲ್ಲಿ ಹೀಗೆ ಕೂಡಿಸಿ ತಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಶಾಲೆ ಬ್ರಾಹ್ಮಣರಿಗೆ ಮಾತ್ರ ಇತ್ತು ಎಂಬ ಮಾತನ್ನೂ, ಎಲ್ಲರಿಗೂ ಸಮಾನವಾಗಿ ತೆರೆದಿತ್ತು ಎಂಬ ಮಾತನ್ನೂ ಈ ಒಂದೇ ಸಾಲು ಅಲುಗಾಡಿಸುತ್ತದೆ.

ಈಗ ಎಡವುವ ಜಾಗ. 6,641ನ್ನು 9,27,857ರಿಂದ ಭಾಗಿಸಿದರೆ ಸಾವಿರಕ್ಕೆ ಸುಮಾರು ಏಳು. ಅಯ್ಯೋ, ಏನೂ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಯಾರನ್ನು ಯಾರಿಂದ ಭಾಗಿಸಿದೆವು? ಆ 9 ಲಕ್ಷದಲ್ಲಿ ಮುದುಕರಿದ್ದಾರೆ, ಹಾಲುಗೂಸುಗಳಿವೆ, ಹೆಚ್ಚುಕಡಿಮೆ ಶಾಲೆಯೇ ಇಲ್ಲದ ಹೆಣ್ಣುಮಕ್ಕಳಿದ್ದಾರೆ. ಶಾಲೆಗೆ ಹೋಗುವ ವಯಸ್ಸಿನ ಹುಡುಗರೆಷ್ಟು ಎಂದು ಕೇಳದೆ ಈ ಏಳಕ್ಕೆ ಅರ್ಥವಿಲ್ಲ.

ಮನ್ರೋ 1826ರ ಮಾರ್ಚಿನ ಟಿಪ್ಪಣಿಯಲ್ಲಿ ಇದನ್ನೇ ಮಾಡುತ್ತಾನೆ. ಇಡೀ ಮದರಾಸು ಪ್ರಾಂತ್ಯದ ಜನಸಂಖ್ಯೆ 1,28,50,941. ಅದರ ಅರ್ಧ ಗಂಡಸರು. ಗಂಡಸರಲ್ಲಿ ಒಂಬತ್ತರಲ್ಲಿ ಒಂದು ಪಾಲು ಐದರಿಂದ ಹತ್ತು ವರ್ಷದ ಹುಡುಗರು ಎಂದು ಅಂದಾಜು. ಸುಮಾರು 7,13,000. ಶಾಲೆಯಲ್ಲಿದ್ದ ಹುಡುಗರು 1,84,110. ಅಂದರೆ ನಾಲ್ವರಲ್ಲಿ ಒಬ್ಬ.

ನನಗೆ ತುಂಬಾ ಇಷ್ಟವಾದ ಸುಲಭದ ದಾರಿ ಇಲ್ಲಿದೆ: ಅರ್ಧ ಮಾಡಿ ಒಂಬತ್ತರಿಂದ ಭಾಗಿಸುವ ಬದಲು ನೇರವಾಗಿ 18ರಿಂದ ಭಾಗಿಸಿ. ಯಾವ ಜಿಲ್ಲೆಯ ಜನಸಂಖ್ಯೆ ಸಿಕ್ಕಿದರೂ 18ರಿಂದ ಭಾಗಿಸಿ, ಆ ಸಂಖ್ಯೆಯ ಪಕ್ಕ ಶಾಲೆಯ ಹುಡುಗರನ್ನು ಇಡಿ. ಬಳ್ಳಾರಿಗೆ: 9,27,857 ಭಾಗಿಸು 18, ಸುಮಾರು 51,547. ಹುಡುಗರು 6,338 ಮತ್ತು 243, ಒಟ್ಟು 6,581. ನೂರಕ್ಕೆ ಹದಿಮೂರರ ಹತ್ತಿರ, ಅಂದರೆ ಎಂಟರಲ್ಲಿ ಒಬ್ಬ. ಸಾವಿರಕ್ಕೆ ಏಳು ಎಲ್ಲಿ, ಎಂಟರಲ್ಲಿ ಒಬ್ಬ ಎಲ್ಲಿ! ಅದೇ ಶಾಲೆ, ಅದೇ ಮಕ್ಕಳು.

ಇನ್ನೊಂದು ಮಡಿಕೆಯೂ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಜಾಸ್ತಿ ಹೊತ್ತು ಹಿಡಿಯಿತು. ಪಟ್ಟಿ ಹೇಳುವುದು ಆ ಹೊತ್ತಿಗೆ ಶಾಲೆಯಲ್ಲಿ ಕೂತಿದ್ದವರನ್ನು. ಒಮ್ಮೆಯಾದರೂ ಶಾಲೆಗೆ ಹೋದವರನ್ನಲ್ಲ. ಒಂದೂರಲ್ಲಿ ಪ್ರತಿ ವರ್ಷ ಹತ್ತು ಹುಡುಗರಿಗೆ ಐದು ತುಂಬುತ್ತದೆ ಅಂದುಕೊಳ್ಳಿ. ಐದರಿಂದ ಹತ್ತರ ಒಳಗಿನವರು ಒಟ್ಟು 50. ಪ್ರತಿ ವರ್ಷ ಐವರು ಶಾಲೆ ಸೇರುತ್ತಾರೆ. ಐದು ವರ್ಷ ಓದಿದರೆ ಶಾಲೆಯಲ್ಲಿ ಯಾವಾಗಲೂ 25 ಮಂದಿ. ಎರಡೇ ವರ್ಷಕ್ಕೆ ಬಿಟ್ಟರೆ 10 ಮಂದಿ. ಎರಡೂ ಕಡೆ ಊರಿನ ಅರ್ಧ ಹುಡುಗರು ಅಕ್ಷರ ಕಂಡಿದ್ದಾರೆ. ಆದರೆ ನಮ್ಮ ಲೆಕ್ಕ ಒಂದು ಕಡೆ ಐವತ್ತು ಪರ್ಸೆಂಟ್ ಎನ್ನುತ್ತದೆ, ಇನ್ನೊಂದು ಕಡೆ ಇಪ್ಪತ್ತು. ಬಡತನದಿಂದ ಎಷ್ಟೋ ಮಕ್ಕಳನ್ನು ಬೇಗ ಬಿಡಿಸುತ್ತಾರೆ ಎಂದು ಕ್ಯಾಂಬೆಲ್ಲೇ ಬರೆದಿದ್ದಾನೆ. ಹಾಗಾಗಿ ಎಂಟರಲ್ಲಿ ಒಬ್ಬ ಎಂಬುದನ್ನೂ ಕೊನೆಯ ಮಾತು ಎಂದುಕೊಳ್ಳಬೇಡಿ. ಅಲ್ಪಸ್ವಲ್ಪ ಕಲಿತು ಬಿಟ್ಟವರನ್ನೂ ಸೇರಿಸಿದರೆ ಅದು ಏರುತ್ತದೆ. ಹತ್ತು ದಾಟಿದ ಮೇಲೂ ಓದುತ್ತಿದ್ದವರನ್ನು ತೆಗೆದರೆ ಇಳಿಯುತ್ತದೆ.

ಮನೆಯಲ್ಲೇ ಕಲಿತವರದ್ದು ಬೇರೆ ಕಥೆ. ಮದರಾಸು ಪಟ್ಟಣದಲ್ಲಿ ಅವರು ಶಾಲೆಯವರ ಐದು ಪಟ್ಟಿಗೂ ಹೆಚ್ಚು ಎಂದು ವರದಿ ಬಂದಾಗ ಮನ್ರೋಗೇ ಅನುಮಾನ ಬಂತು. ಆದರೂ ಮನೆಪಾಠವನ್ನೂ ಎಣಿಸಿ, ಪ್ರಾಂತ್ಯದ ಲೆಕ್ಕ ಮೂವರಲ್ಲಿ ಒಬ್ಬನ ಹತ್ತಿರ ಹೋಗುತ್ತದೆ ಎಂದ.

ಶಾಲೆಗಳು ಯಾಕೆ ಮುಚ್ಚಿದವು

ಪ್ರಾಂತ್ಯದಲ್ಲಿ ನಾಲ್ವರಲ್ಲಿ ಒಬ್ಬ, ಬಳ್ಳಾರಿಯಲ್ಲಿ ಎಂಟರಲ್ಲಿ ಒಬ್ಬ. ಈ ಅಂತರ ಇಟ್ಟುಕೊಂಡು ವರದಿಯ ಕೊನೆಯ ಭಾಗ ಓದಿ. ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ. ದೊಡ್ಡ ಶಾಲೆ ಇದ್ದ ಕಡೆ ಈಗ ಉಳ್ಳವರ ಕೆಲವೇ ಮಕ್ಕಳಿದ್ದಾರೆ. ಕ್ಯಾಂಬೆಲ್ ಕೊಡುವ ಕಾರಣ ಜನ ಬಡವಾದದ್ದು. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕಸುಬು ಕುಸಿಯಿತು, ಹಣ ಜಿಲ್ಲೆಯಿಂದ ಹೊರಗೆ ಹರಿಯಿತು. 533ರಲ್ಲಿ ಒಂದು ಶಾಲೆಗೂ ಸರ್ಕಾರದ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎನ್ನುತ್ತಾನೆ. ಇದು ಈಸ್ಟ್ ಇಂಡಿಯಾ ಕಂಪನಿಯದೇ ಕಲೆಕ್ಟರನ ಮಾತು ಎಂಬುದರಿಂದಲೇ ಇದಕ್ಕೆ ಇಷ್ಟು ತೂಕ.

1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಭಾರತ ಐವತ್ತು ಅಥವಾ ನೂರು ವರ್ಷದ ಹಿಂದಿಗಿಂತ ಜಾಸ್ತಿ ಅನಕ್ಷರಸ್ಥವಾಗಿದೆ ಎಂದರು. ಇಂಗ್ಲಿಷ್ ಶಿಕ್ಷಣತಜ್ಞ ಫಿಲಿಪ್ ಹಾರ್ಟಾಗ್ ಪುರಾವೆ ಕೇಳಿ ವಾದಕ್ಕಿಳಿದರು. ಈ ಹಳೆಯ ಅಂಕಿಗಳೇ ಬರುವ ಆ ಚರ್ಚೆ ಓದುವಾಗ ಪ್ರತಿ ಅಂಕಿಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದುಕೊಳ್ಳಿ: ಇದು ಇಡೀ ಜನಸಂಖ್ಯೆಯ ಪಾಲೋ, ಐದರಿಂದ ಹತ್ತರ ಹುಡುಗರ ಪಾಲೋ, ಮನೆಪಾಠ ಸೇರಿದೆಯೋ ಇಲ್ಲವೋ.