ಕುದುರೆ ಕಲಿಯುವುದು ಒತ್ತಡ ಸಡಿಲಿದಾಗ

ಕಲಬುರಗಿಯ ಮದುವೆ ಮೆರವಣಿಗೆಯಲ್ಲಿ ವರನನ್ನು ಹೊತ್ತ ಕುದುರೆ ಪಟಾಕಿಯ ಸದ್ದಿಗೆ ಬೆದರಿ ಮುಂಗಾಲೆತ್ತಿದರೆ, ಅದಕ್ಕೆ ಹಟಮಾರಿ ಎಂಬ ಹೆಸರು ಬೀಳಲು ತಡವಾಗುವುದಿಲ್ಲ. ಹಟ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹೆದರಿಕೆ ಅಥವಾ ನೋವು; ಉಳಿದದ್ದನ್ನು ಸವಾರನೇ ತನಗರಿವಿಲ್ಲದೆ ಕಲಿಸಿರುತ್ತಾನೆ.

ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಯಿದು. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲನ್ನು ನೋಡಬಲ್ಲುದಾದರೂ, ಹಣೆಯ ಮುಂದೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಏನೂ ಕಾಣದು. ಸದ್ದಿಲ್ಲದೆ ಹಿಂದಿನಿಂದ ಬಂದವನಿಗೆ ಒದೆ ಬೀಳುವುದು ಸಹಜವೇ.

ಸವಾರಿಯ ಪಾಠದಲ್ಲಿ ಒತ್ತುವುದಕ್ಕಿಂತ ಬಿಡುವುದು ಮುಖ್ಯ. ಹಿಮ್ಮಡಿಯಿಂದ ಪಕ್ಕೆ ಒತ್ತಿದಾಗ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ, ಆ ಕ್ಷಣವೇ ಒತ್ತಡ ಸಡಿಲಿಸಬೇಕು. ತಡಮಾಡಿದರೆ ಯಾವ ಕೆಲಸಕ್ಕೆ ಬಿಡುಗಡೆ ಸಿಕ್ಕಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಹತ್ತುವಾಗ ನಿಲ್ಲದ ಕುದುರೆಯನ್ನೇ ನೋಡಿ. ರಿಕಾಪಿಗೆ ಕಾಲಿಟ್ಟೊಡನೆ ಅದು ಪಕ್ಕಕ್ಕೆ ಸರಿಯುತ್ತದೆ, ಸವಾರ ಗಾಬರಿಯಿಂದ ಕಾಲು ತೆಗೆಯುತ್ತಾನೆ. ಸರಿದರೆ ಭಾರ ತಪ್ಪುತ್ತದೆಂಬ ಪಾಠ ಅಲ್ಲಿಗೆ ಪಕ್ಕಾ ಆಯಿತು. ಇದನ್ನು ಬಿಡಿಸಬೇಕಾದರೆ ರಿಕಾಪಿನ ಮೇಲೆ ಸ್ವಲ್ಪವೇ ಭಾರ ಹಾಕಿ, ಅದು ಅಲುಗದೆ ನಿಂತ ಗಳಿಗೆಯಲ್ಲಿ ಇಳಿದುಬಿಡಬೇಕು, ನಿಲ್ಲುವ ಹೊತ್ತನ್ನು ಮೆಲ್ಲನೆ ಹೆಚ್ಚಿಸಬೇಕು. ಬ್ಯಾಂಡಿನ ಸದ್ದಿಗೂ ಹೀಗೆಯೇ: ಕಿವಿ ನಿಮಿರಿಸಿಯೂ ಹುಲ್ಲು ಜಗಿಯುವುದನ್ನು ಬಿಡದಷ್ಟು ದೂರದಿಂದ ಆರಂಭಿಸಿ, ದಿನದಿನಕ್ಕೆ ಹತ್ತಿರ ಒಯ್ಯಬೇಕು. ಬಾರುಕೋಲು ಬೀಸಿದರೆ ಸದ್ದಿನ ಜೊತೆಗೆ ನೋವೂ ಸೇರಿ ಹೆದರಿಕೆ ಇಮ್ಮಡಿಯಾಗುತ್ತದೆ.

ಚೆನ್ನಾಗಿ ಕಲಿತ ಕುದುರೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಬಾಯಿ ನೋಡಬೇಕು. ಕುದುರೆಯ ದವಡೆ ಹಲ್ಲುಗಳು ಸವೆಯುತ್ತಲೇ ಮೇಲೇಳುವುದರಿಂದ ಅಂಚು ಹರಿತವಾಗಿ ಕೆನ್ನೆಯ ಒಳಗನ್ನು ಕೊಯ್ಯುತ್ತವೆ. ಅಂಥ ಕುದುರೆ ಕಡಿವಾಣ ಎಳೆದಾಗ ತಲೆ ಕೊಡವುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ಜಠರದ ಹುಣ್ಣಿರಬಹುದು. 15ನೆಯ ಶತಮಾನದಲ್ಲಿ ಕುದುರೆಯೊಂದನ್ನು ಹಡಗಿನಲ್ಲಿ ತಂದು ಬೀದರಿನಲ್ಲಿ ಮಾರಿದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಈ ನಾಡಿನಲ್ಲಿ ಕುದುರೆಗಳಿಗೆ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಕಿಚಡಿ ತಿನ್ನಿಸುತ್ತಾರೆಂದು ಬರೆದಿಟ್ಟಿದ್ದಾನೆ. ದಂಡಿನ ಕುದುರೆಗೆ ಬಲ ಬೇಕಿತ್ತು, ನಿಜ. ಆದರೆ ಕುದುರೆಯ ಜಠರ ಬರಿದಾಗಿದ್ದಾಗಲೂ ಆಮ್ಲ ಸುರಿಸುತ್ತಿರುತ್ತದೆ. ಕಾಳು ಎಷ್ಟೇ ಕೊಟ್ಟರೂ ಹುಲ್ಲು ಸದಾ ಎದುರಿಗಿರಬೇಕು. ಹುಲ್ಲಿನ ಬದಲು ದನಕ್ಕೆ ಹಾಕುವ ಹಸಿ ಜೋಳದ ಮೇವನ್ನೇ ಕುದುರೆಗೂ ಹಾಕುವುದು ಅಪಾಯ: ಅದು ಮೂತ್ರಕೋಶವನ್ನೂ ಬೆನ್ನುಹುರಿಯನ್ನೂ ಕೆಡಿಸಿ ಹಿಂಗಾಲು ತಡವರಿಸುವಂತೆ ಮಾಡುತ್ತದೆ, ಆಗ ಯಾವ ತರಬೇತಿಯೂ ನಾಟುವುದಿಲ್ಲ.