ಎಲ್ಲದಕ್ಕೂ ಒಂದೇ ‘ಆಶ್ಚರ್ಯ’ ಸಾಲದು

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಸರ್ಪ್ರೈಸ್, ಅಮೇಜ್, ಅಸ್ಟಾನಿಶ್, ಅಸ್ಟೌಂಡ್, ಸ್ಟನ್, ಶಾಕ್ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಎದುರಿಗೆ ‘ಆಶ್ಚರ್ಯ’ ಎಂಬ ಒಂದೇ ಅರ್ಥ. ನಮ್ಮ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ, ಸಮಾನಾರ್ಥಕದ ಪ್ರಶ್ನೆಗೆ ಅಂಕವೂ ಸಿಗುತ್ತದೆ. ಸ್ವಂತ ವಾಕ್ಯ ಬರೆಯಲು ಕೂತಾಗ ತೊಡಕು ಶುರುವಾಗುತ್ತದೆ.

ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು, ತಂದೆಯನ್ನು ಕಳೆದುಕೊಂಡ ಉಪನ್ಯಾಸಕರಿಗೆ ಸಂತಾಪದ ಮೆಸೇಜ್ ಬರೆದು ನನಗೆ ತೋರಿಸಿದಳು: ‘ಐ ವಾಸ್ ಅಮೇಜ್ಡ್ ಟು ಹಿಯರ್ ದಿ ನ್ಯೂಸ್.’ ಅಮೇಜ್ಡ್ ತೆಗೆದು ಶಾಕ್ಡ್ ಹಾಕು ಅಂದೆ.

‘ಎರಡಕ್ಕೂ ಆಶ್ಚರ್ಯ ಅಂತನ ಐತಲ್ರಿ ಸರ?’

‘ಸತ್ತ ಸುದ್ದಿ ಕೇಳಿದ್ರ ನಿಮ್ಮವ್ವ ಬೆರಗಾದೆ ಅಂತಾಳೇನು?’

‘ಇಲ್ರಿ, ಎದಿ ಧಸಕ್ ಅಂತು ಅಂತಾಳ್ರಿ.’

ಈ ಭೇದ ಅವಳಿಗೆ ಮೊದಲೇ ಗೊತ್ತಿತ್ತು. ಬೆಚ್ಚಿಬೀಳುವುದು, ಬೆರಗಾಗುವುದು, ದಂಗಾಗುವುದು, ಹೌಹಾರುವುದು: ನಮ್ಮ ಭಾಗದ ಯಾವ ಮಗುವೂ ಇವನ್ನು ಅದಲುಬದಲು ಮಾಡುವುದಿಲ್ಲ. ಗೈಡಿನ ‘ಆಶ್ಚರ್ಯ’ವೇ ಅಡ್ಡ ಬರುವುದು. ಇಂಗ್ಲಿಷಿನ ಈ ಪದಗಳಿಗೆ ದಾರಿ ನಮ್ಮ ಆಡುಮಾತಿನಲ್ಲೇ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ತರಗತಿಯಲ್ಲಿ ಇದನ್ನು ಹೇಳಿಕೊಡಲು ನಾನು ತುಂಗಭದ್ರಾ ಡ್ಯಾಂ ಹಿಡಿದುಕೊಳ್ಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ನೀರು ಹೊರಬಿಡುವ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದು ಇಲ್ಲಿನ ಪ್ರತಿ ವಿದ್ಯಾರ್ಥಿಗೂ ನೆನಪಿದೆ. ಆ ಹೊತ್ತಿನಲ್ಲಿ ಪಕ್ಕದಲ್ಲೇ ಯಾರಾದರೂ ನಿಂತಿದ್ದರೆ ಸದ್ದಿಗೆ ಬೆಚ್ಚಿಬೀಳುತ್ತಿದ್ದರು. ಅದು ಸ್ಟಾರ್ಟಲ್ಡ್. ಮನಸ್ಸಿಗೆ ತಿಳಿಯುವ ಮೊದಲೇ ಮೈ ಜಿಗಿಯುತ್ತದೆ, ಮರುಕ್ಷಣ ಇಳಿದುಹೋಗುತ್ತದೆ. ಮಾರನೇ ದಿನ ಸುದ್ದಿ ಕೇಳಿ, ಬೆಳೆಗೆ ನೀರು ಉಳಿದೀತೇ ಎಂದು ಗಂಗಾವತಿ, ಸಿಂಧನೂರಿನ ಭತ್ತದ ರೈತರಿಗೆ ಆದದ್ದು ಶಾಕ್. ಕೆಟ್ಟ ಸುದ್ದಿಯ ಪೆಟ್ಟು ಆ ಪದದೊಳಗೇ ಇದೆ.

ಹಾಗಾದರೆ ಸರ್ಪ್ರೈಸ್ಡ್ ಯಾರು? ಇಲ್ಲಿ ಮಕ್ಕಳು ಸ್ವಲ್ಪ ತಡೆಯುತ್ತಾರೆ, ನಾನೂ ಅವಸರ ಮಾಡುವುದಿಲ್ಲ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದರ ವಯಸ್ಸು ಬಲ್ಲ ಇಂಜಿನಿಯರ್ ಒಬ್ಬರು ‘ಐ ವಾಸ್ ಶಾಕ್ಡ್, ಬಟ್ ನಾಟ್ ಸರ್ಪ್ರೈಸ್ಡ್’ ಎಂದರೆ ಆ ವಾಕ್ಯದಲ್ಲಿ ಯಾವ ತಪ್ಪೂ ಇಲ್ಲ. ಎದೆ ಧಸಕ್ಕೆಂದಿತು, ಆದರೆ ಇಂಥದ್ದು ಆಗಬಹುದೆಂಬ ಅಂದಾಜು ಇತ್ತು ಎಂದು ಅದರ ಅರ್ಥ. ಸರ್ಪ್ರೈಸ್ ಕೇಳುವುದು ಒಂದೇ ಪ್ರಶ್ನೆ: ನೀನು ಇದನ್ನು ಎಣಿಸಿದ್ದೆಯೋ ಇಲ್ಲವೋ? ಒಳ್ಳೆಯದು ಕೆಟ್ಟದ್ದು, ದೊಡ್ಡದು ಸಣ್ಣದು ಅದಕ್ಕೆ ಲೆಕ್ಕವಿಲ್ಲ. ಹಳೆಯ ಫ್ರೆಂಚ್‌ನಲ್ಲಿ ಈ ಪದಕ್ಕೆ ಹಠಾತ್ತನೆ ಮೇಲೆರಗಿ ಹಿಡಿಯುವುದು ಎಂಬ ಅರ್ಥವಿತ್ತು. ‘ಸರ್ಪ್ರೈಸ್ ಅಟ್ಯಾಕ್’ನಲ್ಲಿ ಅದು ಇಂದಿಗೂ ಉಳಿದಿದೆ. ಹೇಳದೆ ಕೇಳದೆ ಕೊಡುವ ಟೆಸ್ಟು ಸರ್ಪ್ರೈಸ್ ಟೆಸ್ಟ್ ಆಗುವುದೂ ಇದೇ ಕಾರಣಕ್ಕೆ.

ಮುಂದೆ ವಾರದೊಳಗೇ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಗೇಟಿನ ಜಾಗ ಮುಚ್ಚಿದರು. ಅದನ್ನು ನೋಡಿ ಆದದ್ದು ಅಮೇಜ್ಡ್. ನಮ್ಮ ‘ಬೆರಗು’ ಇದಕ್ಕೆ ತೀರ ಹತ್ತಿರ. ದಿಕ್ಕು ತೋಚದಂತಾಗುವುದು ಅಮೇಜ್‌ನ ಹಳೆಯ ಅರ್ಥ, ದಾರಿ ತಪ್ಪಿಸುವ ಮೇಜ್ ಅದೇ ಬಳಗದ ಪದ. ಈಗಿನ ಬಳಕೆಯಲ್ಲಿ ಅದಕ್ಕೆ ಮೆಚ್ಚುಗೆ ಬೆರೆತಿದೆ, ಆದ್ದರಿಂದಲೇ ಸಾವಿನ ಮನೆಗೆ ಸಲ್ಲದು.

ಬೆರಗಿಗೆ ಅನಿರೀಕ್ಷಿತವೇ ಬೇಕೆಂದೂ ಇಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕ ಶಾಸನವನ್ನೇ ನೋಡಿ. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಬರುವ ರಾಜ ಅಶೋಕನೇ ಎಂದು ಶ್ರೀಲಂಕಾದ ಗ್ರಂಥಗಳ ಆಧಾರದಲ್ಲಿ ವಿದ್ವಾಂಸರು ಅದು ಸಿಗುವ ಮೊದಲೇ ಹೇಳಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇತ್ತು. ಬಲ್ಲವರಿಗೆ ಆ ಹೆಸರು ಸರ್ಪ್ರೈಸ್ ಆಗಿರಲಾರದು. ಆದರೂ ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳು ಆ ಊಹೆಗೆ ಸಾಕ್ಷಿ ನುಡಿದದ್ದು ಅಮೇಜಿಂಗ್. ಗುಡ್ಡ ಹತ್ತಿ ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಹಾಗೇ ಅನ್ನಿಸುತ್ತದೆ, ಏನಿದೆ ಎಂದು ಗೊತ್ತಿದ್ದೂ.

ಅಸ್ಟಾನಿಶ್, ಅಸ್ಟೌಂಡ್, ಸ್ಟನ್ ಮೂರೂ ಒಂದೇ ಮನೆತನದವು. ಅವುಗಳ ಲ್ಯಾಟಿನ್ ಬೇರಿನಲ್ಲಿ ಗುಡುಗು ಇದೆ. ‘ಸಿಡಿಲು ಬಡಿದಂಗಾತು’ ಅನ್ನುವ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಸ್ಟಾನಿಶ್‌ಗೆ ಸರ್ಪ್ರೈಸ್‌ಗಿಂತ ತೂಕ ಹೆಚ್ಚು: ನಂಬಲಾಗದ್ದು ಎದುರಿಗಿದೆ. ಸ್ಟನ್ಡ್ ಆದವರಿಗೆ ಒಂದು ಗಳಿಗೆ ಮಾತೇ ಹೊರಡುವುದಿಲ್ಲ, ಅದು ನಮ್ಮ ‘ದಂಗು ಬಡಿದಂತೆ’. ತಬ್ಬಿಬ್ಬಾಗಿ ದಂಗಾದೆ ಎನ್ನುವ ಫ್ಲಾಬರ್‌ಗ್ಯಾಸ್ಟೆಡ್ ಎಂಬ ಪದ 1772ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೊಸ ಫ್ಯಾಷನ್ ಆಗಿತ್ತು. ಓದಿದಾಗ ಅರ್ಥವಾದರೆ ಸಾಕು, ಕೆಲಸದ ಅರ್ಜಿಯಲ್ಲಿ ಬೇಡ.

ಇನ್ನು ‘ವೆರಿ’ ಹಾಕುವ ಚಟ. ವೆರಿ ಸರ್ಪ್ರೈಸ್ಡ್ ಸರಿ, ಏಕೆಂದರೆ ಸರ್ಪ್ರೈಸ್ ಸ್ವಲ್ಪವೂ ಆಗಬಹುದು, ಬಹಳವೂ ಆಗಬಹುದು. ಅಸ್ಟಾನಿಶ್ಡ್, ಅಸ್ಟೌಂಡೆಡ್ ಮೊದಲೇ ತುದಿ ಮುಟ್ಟಿದ ಪದಗಳು, ವೆರಿ ಅವಕ್ಕೆ ಹೊಂದುವುದಿಲ್ಲ. ಒತ್ತು ಬೇಕೇ ಬೇಕೆಂದರೆ ‘ಆಬ್ಸಲ್ಯೂಟ್ಲಿ’ ಬಳಸಿ. ‘ಐ ಆಮ್ ಸರ್ಪ್ರೈಸಿಂಗ್’ ಎಂದು ಬರೆಯುವವರು ಇನ್ನೂ ಇದ್ದಾರೆ: ಸುದ್ದಿ ಸರ್ಪ್ರೈಸಿಂಗ್, ಕೇಳಿದ ನೀವು ಸರ್ಪ್ರೈಸ್ಡ್.