ಹನ್ನೊಂದು ಹಸುವಿನ ಸಾಲ

ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘದ ಪುಸ್ತಕ ನೋಡುತ್ತಿದ್ದೆ. ಒಂದೇ ವರ್ಷದಲ್ಲಿ 11 ಮಂದಿ ಹಸು ಸಾಲ ತೆಗೆದಿದ್ದರು. ಆದರೆ ಆ 11 ಮನೆಗಳಲ್ಲಿ ಹುಡುಕಿದರೂ ಸಿಕ್ಕಿದ್ದು 4 ಹಸು. ಲೆಕ್ಕ ಬರೆಯುವ ಹುಡುಗಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿದಳು. "ದುಡ್ಡು ಕೊಡೋರು ನೋಡೋಕೆ ಬಂದಿದ್ರು ಸಾರ್. ರಾಗಿಗೆ, ಬಾಣಂತನಕ್ಕೆ ಅಂತ ಬರೆದಿತ್ತು. ಇದೆಲ್ಲ ದಂಡದ ಸಾಲ ಅಂದ್ರು. ಆವತ್ತಿಂದ ಎಲ್ಲಾನೂ ಹಸು ಅಂತಾನೇ ಬರೀತೀವಿ."

ಸಂಘಗಳಿಗೆ ತರಬೇತಿ ಕೊಡುತ್ತಾ ನನಗೆ 20 ವರ್ಷ ದಾಟಿತು. 'ಆದಾಯ ತರೋ ಸಾಲ ಮಾತ್ರ ಒಳ್ಳೆಯ ಸಾಲ' ಅನ್ನುವ ಮಾತು ಮಾತ್ರ ನಮ್ಮನ್ನು ಬಿಟ್ಟಿಲ್ಲ. ನಮ್ಮ ಕೆಲಸಕ್ಕೆ ದುಡ್ಡು ಕೊಡುವ ದಾನಿಗಳು ಹೇಳುತ್ತಾರೆ. ಈಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಬ್ಬಾಕೆ ಊರಿನ ಸಾಹುಕಾರರ ಹತ್ತಿರ 10,000 ರೂಪಾಯಿ ಕೈಸಾಲ ಮಾಡಿದ್ದಾಳೆ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ಅಸಲು ತೀರದೆ ಹಾಗೇ ಉಳಿದರೆ ವರ್ಷಕ್ಕೆ 6,000 ರೂಪಾಯಿ ಬರೀ ಬಡ್ಡಿಗೇ ಹೋಯಿತು. ಅದನ್ನೇ ಸಂಘದಿಂದ 2 ರೂಪಾಯಿ ಬಡ್ಡಿಗೆ ತಂದು ತೀರಿಸಿದರೆ, ವರ್ಷವಿಡೀ ಅಸಲು ಕಟ್ಟದಿದ್ದರೂ ಬಡ್ಡಿ 2,400. ಕೈಯಲ್ಲಿ 3,600 ಉಳಿಯಿತು. ಕಟ್ಟಿದ ಬಡ್ಡಿಯೂ ಸಂಘದ ದುಡ್ಡಿಗೇ ಸೇರಿತು, ಸಾಹುಕಾರರ ಪೆಟ್ಟಿಗೆಗಲ್ಲ. ಹಸು ಬೇಡ, ಮೇವು ಬೇಡ, ಡೈರಿ ಬೇಡ. ಇದು ಆದಾಯ ಅಲ್ವಾ?

ಸಾಲ ಯಾತಕ್ಕೆ ಅನ್ನುವುದನ್ನು ಗುಂಪೇ ತೀರ್ಮಾನಿಸಲಿ ಅನ್ನುವುದು ಹೊಸ ಮಾತೇನೂ ಅಲ್ಲ. 1980ರ ದಶಕದ ನಡುವೆ, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಜನರೇ ಚಿಕ್ಕ ಚಿಕ್ಕ ಗುಂಪಾಗಿ ಬಂದು, "ಸಾಲ ನಿಮಗೆ ತೀರಿಸ್ತೀವಿ, ಆ ಸಂಘಕ್ಕಲ್ಲ" ಅಂದರು. ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಸಂಸ್ಥೆ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗಲೂ ಸಾಲ ಯಾರಿಗೆ, ಯಾತಕ್ಕೆ ಅನ್ನುವುದನ್ನು ಗುಂಪಿಗೇ ಬಿಟ್ಟಿತು. ಮದುವೆ, ಓದು, ಮನೆ, ಹಳೇ ಸಾಲ ತೀರಿಸುವುದು, ಎಲ್ಲಕ್ಕೂ ಸಂಘಕ್ಕೆ ಸಾಲ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ.

ಸುಳ್ಳು ಬರೆದರೆ ಏನಾಯ್ತು ಅಂತ ಕೇಳಬಹುದು. ಕಂತು ಕೆಡುತ್ತದೆ. ಹಸು ಅಂದ ಮೇಲೆ ಹಾಲಿನ ದುಡ್ಡು ನಂಬಿ ವಾರದ ಕಂತು ಗೊತ್ತು ಮಾಡುತ್ತಾರೆ. ಹಾಲೇ ಇಲ್ಲ! ಕೂಲಿ ಸಿಗದ ವಾರ ಕಂತು ತಪ್ಪುತ್ತದೆ. ಇದ್ದದ್ದು ಇದ್ದಂತೆ ಹೇಳಿದ್ದರೆ, ಕಡಲೆಕಾಯಿ ಕೀಳುವ ಕಾಲಕ್ಕೆ ಕೊಡಕ್ಕ ಎನ್ನುತ್ತಿದ್ದರು. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿರುವುದೇ ಸಂಘದ ಬಲ. ನಾವು ಹೋಗಿ ಅದನ್ನೇ ಮುಚ್ಚಿಡುವ ಹಾಗೆ ಮಾಡುತ್ತೇವೆ.

ಹಾಗಂತ ಕೇಳಿದ್ದಕ್ಕೆಲ್ಲ ಸಾಲ ಕೊಡಿ ಅನ್ನುತ್ತಿಲ್ಲ. ಮೂರು ಕಡೆ ಮೈಕ್ರೋಫೈನಾನ್ಸ್ ಸಾಲ ಇರುವ ಮನೆಗೆ ಇನ್ನೊಂದು ಸಾಲ ಉಸಿರು ಕಟ್ಟಿಸಬಹುದು. ಮನೆ ಮನೆ ನೋಡಿಯೇ ಹೇಳಬೇಕು. ಆದರೆ ಆ ನೋಟ ನಮಗಿಂತ ಅವರಿಗೆ ಜಾಸ್ತಿ ಇದೆ. ಒಂದು ಸಭೆಯಲ್ಲಿ ಮಗಳ ಮದುವೆಗೆ 30,000 ಕೇಳಿದರು. ಹಿರಿಯಕ್ಕ ಒಬ್ಬರು ಎದ್ದು, "ಅಕ್ಕಿಗೆ, ಬಟ್ಟೆಗೆ ಕೊಡ್ತೀವಿ ಕಣಮ್ಮ. ಬ್ಯಾಂಡ್ ಸೆಟ್ಟಿಗೆ ಕೊಡಲ್ಲ" ಅಂದರು. 18,000ಕ್ಕೆ ಒಪ್ಪಿಗೆಯಾಯಿತು. ಯಾವ ತರಬೇತಿಯಲ್ಲೂ ನಾನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ಆ ಹಸು ಸಾಲದ ಸಂಘದವರೊಂದಿಗೆ ಸಂಜೆ ಮತ್ತೆ ಕುಳಿತೆವು. 7 ಸಾಲುಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನಿಜ ಬರೆದರು. ಕೈಸಾಲ ತೀರಿಸಲು ಮೂರು, ರಾಗಿಗೆ ಎರಡು, ಬಾಣಂತನಕ್ಕೆ ಒಂದು, ಮಗನ ಕಾಲೇಜು ಫೀಸಿಗೆ ಒಂದು. ಕಂತುಗಳನ್ನೂ ಅವರೇ ಕೂತು ಬದಲಿಸಿದರು.